ಕಾಳಗದಿಂದ ಕಾರ್ಖಾನೆಗೆ: ಬೆಂಗಳೂರು ಮತ್ತು ಯುದ್ಧ ಪೈಲಟ್‌ಗಳ ಎರಡನೆಯ ವೃತ್ತಿ

ಯುದ್ಧಕಾಲದಲ್ಲಿ ಫೈಟರ್ ವಿಮಾನ ಹಾರಿಸಿದವರು ಮುಂದೆ ವಿಮಾನ ಕಾರ್ಖಾನೆಗಳ ಪರೀಕ್ಷಾ ಪೈಲಟ್‌ಗಳಾಗಿ, ವಿಮಾನಯಾನ ಸಂಸ್ಥೆಗಳ ಮುಖ್ಯಸ್ಥರಾಗಿ, ಖಾಸಗಿ ಕಂಪನಿಗಳ ವಿಮಾನ ಚಾಲಕರಾಗಿ ದುಡಿದದ್ದು ಭಾರತದ ವೈಮಾನಿಕ ಚರಿತ್ರೆಯ ಒಂದು ಮುಖ್ಯ ಎಳೆ. ದೇಶದ ಬೇರೆ ಯಾವ ಊರಿಗಿಂತ ಹೆಚ್ಚಾಗಿ ಈ ಎಳೆ ಬೆಂಗಳೂರಿಗೆ ಸುತ್ತಿಕೊಂಡಿದೆ. ನಗರದ ಪೂರ್ವದಲ್ಲಿ ಎಚ್ಎಎಲ್ ಕಾರ್ಖಾನೆ, ಅದರ ರನ್‌ವೇ, ಅದನ್ನು ಬಳಸಿಕೊಂಡೇ ಬೆಳೆದ ವಾಯುಪಡೆಯ ಪರೀಕ್ಷಾ ಸಂಸ್ಥೆ ಇವೆ. ಪಶ್ಚಿಮದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಇದೆ. ಅದರ ಮಗ್ಗುಲಲ್ಲೇ ಇರುವ ಲಗ್ಗೆರೆ, ರಾಜಗೋಪಾಲನಗರಗಳಿಂದ ದಿನ ಬೆಳಗಾದರೆ ಶಿಫ್ಟಿಗೆ ಹೊರಡುವ ಟರ್ನರ್, ಫಿಟ್ಟರ್, ಮೆಷಿನ್ ಆಪರೇಟರ್‌ಗಳಿದ್ದಾರೆ. ಪೀಣ್ಯದ ಸಣ್ಣ ಘಟಕಗಳಲ್ಲಿ ಎಚ್ಎಎಲ್‌ಗೆ ಬಿಡಿಭಾಗ, ಜಿಗ್, ಫಿಕ್ಸರ್‌ಗಳನ್ನು ಮಾಡಿಕೊಡುವವು ಹಲವು. ಅಲ್ಲಿ ಕೊರೆದ ಒಂದು ತೂತು ಎಳ್ಳಷ್ಟು ಓರೆಯಾಗಿದ್ದರೂ ಕೊನೆಗೆ ಅದು ಗೊತ್ತಾಗುವುದು ಆಕಾಶದಲ್ಲಿ, ಒಬ್ಬ ಪೈಲಟ್‌ನ ಕೈಗೆ.

ಯುದ್ಧ ಪೈಲಟ್ ಕಂಪನಿ ಸೇರಿದನೆಂದರೆ ಸಾಹಸದ ಬದುಕು ಮುಗಿಸಿ ನೆಮ್ಮದಿಯ ಸಂಬಳಕ್ಕೆ ಹೋದ ಎಂದುಕೊಳ್ಳುವುದು ವಾಡಿಕೆ. ಬೆಂಗಳೂರಿನ ಉದಾಹರಣೆಗಳನ್ನು ಹತ್ತಿರದಿಂದ ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಕಂಪನಿಗಳಿಗೆ ಇವರಿಂದ ಸಿಕ್ಕಿದ್ದು ಹಾರಿಸುವ ಕೈ ಮಾತ್ರವಲ್ಲ, ತೀರ್ಪು ಕೊಡುವ ಅಧಿಕಾರ. ಈ ವಿಮಾನ ಇನ್ನೂ ತಯಾರಾಗಿಲ್ಲ, ಈ ಎಂಜಿನ್ ಸಾಲದು, ಈ ಖರೀದಿ ಬೇಡ ಎಂದು ಹೇಳುವ ಹಕ್ಕನ್ನು ಅವರು ಪಡೆದುಕೊಂಡದ್ದು ಯುದ್ಧದಲ್ಲಿ. ಅದನ್ನು ಬಳಸಿದ್ದಕ್ಕೆ ಒಬ್ಬರು ಹುದ್ದೆ ಕಳೆದುಕೊಂಡರು. ಆ ತೀರ್ಪಿಗಾಗಿ ಹಾರುತ್ತಲೇ ಇನ್ನೊಬ್ಬರು ಪ್ರಾಣ ಕಳೆದುಕೊಂಡರು.

ಹಿನ್ನೆಲೆ

ಭಾರತೀಯ ವಾಯುಪಡೆ ಅಧಿಕೃತವಾಗಿ ಸ್ಥಾಪನೆಯಾದದ್ದು 1932ರ ಅಕ್ಟೋಬರ್ 8ರಂದು. ಎರಡನೆಯ ಮಹಾಯುದ್ಧ ಶುರುವಾದಾಗ ಅದರ ಬಳಿ ಇದ್ದದ್ದು ಒಂದೇ ಸ್ಕ್ವಾಡ್ರನ್. ಯುದ್ಧ ಮುಗಿಯುವ ಹೊತ್ತಿಗೆ ಒಂಬತ್ತಾಗಿದ್ದವು. ಬರ್ಮಾ ರಂಗದ ಕಾಡುಗಳ ಮೇಲೆ ಹರಿಕೇನ್, ಸ್ಪಿಟ್‌ಫೈರ್, ವೆಂಜೆನ್ಸ್ ವಿಮಾನಗಳಲ್ಲಿ ಹಾರಿದ ಇಪ್ಪತ್ತು, ಇಪ್ಪತ್ತೈದರ ಹುಡುಗರು ಸ್ವಾತಂತ್ರ್ಯ ಬಂದಾಗ ದೇಶದ ಅತ್ಯಂತ ಅನುಭವಿ ಪೈಲಟ್‌ಗಳಾಗಿದ್ದರು. ಮುಂದಿನ ಇಪ್ಪತ್ತೈದು ವರ್ಷ ವಾಯುಪಡೆ, ವಿಮಾನ ಕಾರ್ಖಾನೆ, ನಾಗರಿಕ ವಿಮಾನಯಾನ ಮೂರಕ್ಕೂ ನಾಯಕರು ಬಂದದ್ದು ಬಹುಮಟ್ಟಿಗೆ ಈ ತಲೆಮಾರಿನಿಂದ.

ಅವರಲ್ಲಿ ಮೊದಲಿಗೆ ಖಾಸಗಿ ವಿಮಾನದ ಕಡೆ ಹೊರಳಿದವರ ಪೈಕಿ 'ಬಾಬಾ' ಮೆಹರ್ ಸಿಂಗ್ ಹೆಸರು ದೊಡ್ಡದು. ಬರ್ಮಾ ರಂಗದಲ್ಲಿ ಹರಿಕೇನ್ ಹಾರಿಸುತ್ತಿದ್ದ 6ನೇ ಸ್ಕ್ವಾಡ್ರನ್‌ನ ನಾಯಕರು ಅವರು. ಎರಡನೆಯ ಮಹಾಯುದ್ಧದಲ್ಲಿ ಡಿಸ್ಟಿಂಗ್ವಿಷ್ಡ್ ಸರ್ವಿಸ್ ಆರ್ಡರ್ ಪಡೆದ ಭಾರತೀಯ ವಾಯುಪಡೆಯ ಏಕೈಕ ಅಧಿಕಾರಿ. ಕನ್ನಡಿಗರಿಗೆ ಅವರು ನೆನಪಿರಬೇಕಾದದ್ದು ಇನ್ನೊಂದು ಕಾರಣಕ್ಕೆ. 1948ರ ಮೇ 24ರಂದು ಹಿಮಾಲಯದ ನೆತ್ತಿ ದಾಟಿ ಲೇಹ್‌ನ ಮಣ್ಣುನೆಲದ ಮೇಲೆ ಮೊದಲ ಡಕೋಟ ಇಳಿಸಿದಾಗ ಅವರ ಜೊತೆ ವಿಮಾನದಲ್ಲಿದ್ದವರು ಕೊಡಗಿನ ಸೇನಾನಿ ಕೆ.ಎಸ್. ತಿಮ್ಮಯ್ಯ. ಅದಾದ ಸ್ವಲ್ಪ ಕಾಲಕ್ಕೆ ಮೆಹರ್ ಸಿಂಗ್ ವಾಯುಪಡೆ ಬಿಟ್ಟು ಪಟಿಯಾಲ ಮಹಾರಾಜರ ಸಲಹೆಗಾರರಾದರು. 1952ರ ಮಾರ್ಚ್‌ನಲ್ಲಿ ಜಮ್ಮುವಿನಿಂದ ದೆಹಲಿಗೆ ರಾತ್ರಿ ಸಣ್ಣ ವಿಮಾನದಲ್ಲಿ ಬರುವಾಗ ಬಿರುಗಾಳಿಗೆ ಸಿಕ್ಕಿ ತೀರಿಕೊಂಡರು. ಯುದ್ಧ ದಾಟಿಬಂದ ಪೈಲಟ್‌ಗೆ ಅಪಾಯ ಅಲ್ಲಿಗೆ ಮುಗಿಯಿತು ಎನ್ನಲು ಬಾರದು ಎಂಬುದಕ್ಕೆ ಇದು ಮೊದಲ ಸಾಕ್ಷಿ.

ಮೈಸೂರು ಸಂಸ್ಥಾನ ಮತ್ತು ಹಿಂದೂಸ್ಥಾನ್ ಏರ್‌ಕ್ರಾಫ್ಟ್

ಇಂಥ ಪೈಲಟ್‌ಗಳಿಗೆ ಬೆಂಗಳೂರಿನಲ್ಲಿ ಕೆಲಸ ಹುಟ್ಟಿದ್ದೂ ಯುದ್ಧದಿಂದಲೇ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ 1940ರ ಡಿಸೆಂಬರ್ 23ರಂದು ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಲಿಮಿಟೆಡ್ ಕಂಪನಿಯನ್ನು ನೋಂದಾಯಿಸಿದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಸಂಸ್ಥಾನ ಜಮೀನನ್ನೂ 25 ಲಕ್ಷ ರೂಪಾಯಿ ಬಂಡವಾಳವನ್ನೂ ಕೊಟ್ಟಿತು. 1941ರಲ್ಲಿ ಭಾರತ ಸರ್ಕಾರ ಪಾಲುದಾರನಾಯಿತು, 1942ರಲ್ಲಿ ಆಡಳಿತವನ್ನೇ ವಹಿಸಿಕೊಂಡಿತು. ಇಲ್ಲಿ ಜೋಡಿಸಿದ ಹಾರ್ಲೊ ತರಬೇತಿ ವಿಮಾನ 1941ರಲ್ಲೂ ಕರ್ಟಿಸ್ ಹಾಕ್ ಫೈಟರ್ 1942ರಲ್ಲೂ ಹಾರಿದವು. 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಗಿ ಪೂರ್ವ ರಂಗದ ವಿಮಾನಗಳ ದೊಡ್ಡ ದುರಸ್ತಿ ಕೇಂದ್ರವಾಯಿತು. ಯುದ್ಧದಲ್ಲಿ ಜಖಂಗೊಂಡ ವಿಮಾನಗಳು ಬೆಂಗಳೂರಿಗೆ ಬಂದು, ರಿಪೇರಿಯಾಗಿ, ಇಲ್ಲಿಂದಲೇ ಮತ್ತೆ ಹಾರಿ ಹೋಗುತ್ತಿದ್ದವು. ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ವಿಮಾನಪುರ ಎಂಬ ಹೆಸರು ನಿಂತಿತು. 1964ರ ಅಕ್ಟೋಬರ್ 1ರಂದು ಇತರ ಘಟಕಗಳೊಂದಿಗೆ ವಿಲೀನವಾಗಿ ಇದೇ ಹಿಂದೂಸ್ಥಾನ್ ಏರೋನಾಟಿಕ್ಸ್ ಲಿಮಿಟೆಡ್ ಆಯಿತು.

ರಿಪೇರಿ ಮಾಡುವ ಕಾರ್ಖಾನೆಗೂ ವಿಮಾನ ರೂಪಿಸುವ ಕಾರ್ಖಾನೆಗೂ ಇರುವ ವ್ಯತ್ಯಾಸ ಬಹಳ. ಬೇರೆ ಯಾರೋ ಮಾಡಿದ ವಿಮಾನ ಹೇಗೆ ಹಾರುತ್ತದೆ ಎಂಬುದು ಪುಸ್ತಕದಲ್ಲಿರುತ್ತದೆ. ತಾನೇ ಮಾಡಿದ ವಿಮಾನಕ್ಕೆ ಆ ಪುಸ್ತಕವನ್ನು ಹಾರಿ ಬರೆಯಬೇಕು. ಡಾ. ವಿ.ಎಂ. ಘಾಟ್ಗೆ ಮತ್ತು ಅವರ ತಂಡ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನದ ಮೊದಲ ಪುಟವನ್ನು 1951ರ ಆಗಸ್ಟ್ 5ರಂದು ಬರೆದವರು ಕಂಪನಿಯ ಮುಖ್ಯ ಪರೀಕ್ಷಾ ಪೈಲಟ್ ಕ್ಯಾಪ್ಟನ್ ಜಮ್‌ಷೆಡ್ ಮುನ್ಷಿ. ಎರಡು ಸೀಟಿನ, ಪ್ರೊಪೆಲ್ಲರ್‌ನ ಸಣ್ಣ ವಿಮಾನ ಅದು. ಜೆಟ್ ಫೈಟರ್‌ನ ಮಾತು ಬಂದಾಗ ಬೇರೆಯದೇ ಪಳಗುವಿಕೆ ಬೇಕಾಯಿತು.

ಸುರಂಜನ್ ದಾಸ್

ಹಳೆ ಮದ್ರಾಸ್ ರಸ್ತೆಯಿಂದ ಹಳೆ ಏರ್‌ಪೋರ್ಟ್ ರಸ್ತೆಗೆ ಹೋಗುವವರು ಸುರಂಜನ್ ದಾಸ್ ರಸ್ತೆಯ ಹೆಸರು ಕೇಳಿರುತ್ತಾರೆ. ಬಸ್ಸಿನಲ್ಲಿ ಆ ನಿಲ್ದಾಣದ ಹೆಸರು ಹೇಳಿ ಟಿಕೆಟ್ ಪಡೆಯುವ ಬಹುಮಂದಿಗೆ ಆತ ಯಾರೆಂದು ತಿಳಿಯದಿರುವುದು ಬೇಸರದ ವಿಷಯ. ಬೆಂಗಳೂರಿನಲ್ಲಿ ರೂಪುಗೊಂಡ ಭಾರತದ ಮೊದಲ ಜೆಟ್ ಫೈಟರ್ ಅನ್ನು ಮೊದಲು ಹಾರಿಸಿದವರು ಅವರು. ಅದೇ ವಿಮಾನದ ಸುಧಾರಣೆಯ ಕೆಲಸದಲ್ಲಿ, ಇದೇ ಊರಿನಲ್ಲಿ ಸತ್ತವರು.

1920ರಲ್ಲಿ ಹುಟ್ಟಿದ ದಾಸ್, ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಯಾದ ಸುಧಿ ರಂಜನ್ ದಾಸ್ ಅವರ ಮಗ. ಕಾನೂನಿನ ಮನೆತನದ ಈ ಬಂಗಾಳಿ ಹುಡುಗ ಆರಿಸಿಕೊಂಡದ್ದು ವಾಯುಪಡೆಯನ್ನು. ಬ್ರಿಟನ್ನಿನ ಎಂಪೈರ್ ಟೆಸ್ಟ್ ಪೈಲಟ್ಸ್ ಸ್ಕೂಲಿನಲ್ಲಿ ತರಬೇತಿ ಪಡೆದ ಮೊದಲ ಭಾರತೀಯರಲ್ಲಿ ಅವರೊಬ್ಬರು. ಕಾಳಗದಲ್ಲಿ ವಿಮಾನ ಹಾರಿಸುವವನ ಗಮನ ಶತ್ರುವಿನ ಮೇಲೆ. ಪರೀಕ್ಷಾ ಪೈಲಟ್‌ನ ಗಮನವೆಲ್ಲ ತನ್ನದೇ ವಿಮಾನದ ಮೇಲೆ. ಎರಡನ್ನೂ ಬಲ್ಲವರು ಆಗ ದೇಶದಲ್ಲಿ ಬೆರಳೆಣಿಕೆಯಷ್ಟು.

1956ರ ಆಗಸ್ಟ್‌ನಲ್ಲಿ ಜರ್ಮನಿಯ ಹೆಸರಾಂತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದರು. ಎರಡನೆಯ ಮಹಾಯುದ್ಧದ ಫಾಕೆ-ವುಲ್ಫ್ 190 ಫೈಟರ್ ರೂಪಿಸಿದವರು ಇವರೇ. ಅವರ ಕೈಕೆಳಗೆ ಜರ್ಮನ್ ಎಂಜಿನಿಯರ್‌ಗಳ ಸಣ್ಣ ತಂಡವೂ ಭಾರತೀಯ ವಿನ್ಯಾಸಕಾರರ ದೊಡ್ಡ ಬಳಗವೂ ಸೇರಿ ಎಚ್‌ಎಫ್-24 ಫೈಟರ್‌ನ ಕೆಲಸ ಹಿಡಿದರು. ಇದೇ ಮುಂದೆ ಮಾರುತ್ ಎನಿಸಿಕೊಂಡಿತು. ಕಂಪ್ಯೂಟರ್ ಮಾದರಿಗಳಿಲ್ಲದ ಕಾಲ. ವಿಮಾನದ ಆಕಾರ ಗಾಳಿಯಲ್ಲಿ ಹೇಗೆ ವರ್ತಿಸುತ್ತದೆಂದು ತಿಳಿಯಲು ಅವರು ಹಿಡಿದ ದಾರಿ ಬೆರಗಿನದು: ಅದೇ ಅಳತೆಯ ಮರದ ಗ್ಲೈಡರ್ ಒಂದನ್ನು ಮಾಡಿದರು. ಎಂಜಿನ್ ಇಲ್ಲದ ಆ ಮರದ ಫೈಟರ್‌ನ ಮುಂದೆ ಡಕೋಟ, ನಡುವೆ ಹಗ್ಗ, ಹಿಂದಿನ ಕಾಕ್‌ಪಿಟ್‌ನಲ್ಲಿ ದಾಸ್. ಬೇಕಾದಷ್ಟು ಎತ್ತರಕ್ಕೆ ಎಳೆದೊಯ್ದ ಮೇಲೆ ಹಗ್ಗ ಬಿಡಿಸಿಕೊಳ್ಳಬೇಕು. ಅಲ್ಲಿಂದ ನೆಲ ಮುಟ್ಟುವವರೆಗಿನ ಕೆಲವೇ ನಿಮಿಷಗಳಲ್ಲಿ ತಿರುಗಿಸಿ, ವಾಲಿಸಿ, ವೇಗ ಇಳಿಸಿ ನೋಡಬೇಕು. ತಪ್ಪಿದರೆ ಮತ್ತೊಂದು ಸುತ್ತು ಹಾಕಿ ಇಳಿಯೋಣವೆನ್ನಲು ಎಂಜಿನ್ನೇ ಇಲ್ಲ. 1959ರಲ್ಲಿ ಆರಂಭವಾದ ಈ ಗ್ಲೈಡರ್ ಹಾರಾಟಗಳು ಒಟ್ಟು 78 ನಡೆದವು. ದೇಶದ ಮೊದಲ ಜೆಟ್ ಫೈಟರ್‌ನ ಗುಣಾವಗುಣಗಳ ಮೊದಲ ತಿಳಿವಳಿಕೆ ಬಂದದ್ದು ಹೀಗೆ ಹಗ್ಗ ಕಟ್ಟಿ ಎಳೆದ ಮರದ ವಿಮಾನದಿಂದ.

ಆಗ ವಿಂಗ್ ಕಮಾಂಡರ್ ಆಗಿದ್ದ ದಾಸ್ 1961ರ ಜೂನ್ 17ರಂದು ನಿಜವಾದ ಎಚ್‌ಎಫ್-24 ಅನ್ನು ಎಚ್ಎಎಲ್ ರನ್‌ವೇಯಿಂದ ಮೇಲೇರಿಸಿದರು. ಒಂದು ವಾರದ ನಂತರ ಅಧಿಕೃತ ಪ್ರದರ್ಶನ ನಡೆಯಿತು. 1964ರ ಸೆಪ್ಟೆಂಬರ್ 4ರಂದು ಎಚ್‌ಜೆಟಿ-16 ಕಿರಣ್ ಜೆಟ್ ತರಬೇತಿ ವಿಮಾನದ ಮೊದಲ ಹಾರಾಟವನ್ನೂ ಅವರೇ ಮಾಡಿದರು. ಭಾರತೀಯ ವಾಯುಪಡೆಯ ಹಲವು ತಲೆಮಾರುಗಳು ಜೆಟ್ ಹಾರಿಸಲು ಕಲಿತದ್ದು ಈ ಕಿರಣ್‌ನಲ್ಲಿ.

ಮಾರುತ್‌ನ ನೋವು ಅದರ ಎಂಜಿನ್. ಶಬ್ದದ ವೇಗವನ್ನು ಬಹಳವಾಗಿ ಮೀರಬಲ್ಲ ಮೈಕಟ್ಟನ್ನು ಟ್ಯಾಂಕ್ ತಂಡ ಕೊಟ್ಟಿತ್ತು. ಅದಕ್ಕೆಂದು ಎಣಿಸಿದ್ದ, ಹೆಚ್ಚು ಬಲದ ಬ್ರಿಟಿಷ್ ಆರ್ಫಿಯಸ್ ಎಂಜಿನ್ ಕೊನೆಗೂ ಬರಲಿಲ್ಲ. ಅದನ್ನು ಪೂರ್ತಿಗೊಳಿಸುವ ಖರ್ಚು ಯಾರು ಹೊರಬೇಕೆಂಬ ಪ್ರಶ್ನೆಯಲ್ಲೇ ಯೋಜನೆ ಕೈಬಿಟ್ಟುಹೋಯಿತು. ಕಡಿಮೆ ಬಲದ ಎರಡು ಆರ್ಫಿಯಸ್ 703 ಎಂಜಿನ್‌ಗಳಲ್ಲೇ ಮಾರುತ್ ಕಾಲ ಕಳೆಯಬೇಕಾಯಿತು. ಬದಲಿ ಎಂಜಿನ್‌ಗಾಗಿ ದೇಶ ಸುತ್ತಿದ ದಾರಿಗಳಲ್ಲಿ ಒಂದು ಈಜಿಪ್ಟ್‌ವರೆಗೆ ಹೋಗಿತ್ತು. ಅಲ್ಲಿನ ಎಚ್‌ಎ-300 ಫೈಟರ್‌ನ ಮೊದಲ ಹಾರಾಟವನ್ನು 1964ರ ಮಾರ್ಚ್ 7ರಂದು ಹೆಲ್ವಾನ್‌ನಲ್ಲಿ ಮಾಡಿದವರು ಭಾರತೀಯ ವಾಯುಪಡೆಯ ಪರೀಕ್ಷಾ ಪೈಲಟ್ ಕಪಿಲ್ ಭಾರ್ಗವ. ಈಜಿಪ್ಟಿನ ಇ-300 ಎಂಜಿನ್ನನ್ನು ಪರೀಕ್ಷಿಸಲು ಒಂದು ಮಾರುತ್ ಅನ್ನೇ ಅಲ್ಲಿಗೆ ಕಳುಹಿಸಲಾಗಿತ್ತು. ಆ ಪ್ರಯತ್ನವೂ ಫಲ ಕೊಡಲಿಲ್ಲ.

ಉಳಿದದ್ದು ಇದ್ದ ಎಂಜಿನ್ನಿನ ಬಲವನ್ನೇ ಹೆಚ್ಚಿಸುವ ದಾರಿ. ಎಂಜಿನ್ನಿನಿಂದ ಹೊರಬರುವ ಬಿಸಿಗಾಳಿಗೆ ಮತ್ತೆ ಇಂಧನ ಊಡಿ ಉರಿಸುವ ರೀಹೀಟ್ ವ್ಯವಸ್ಥೆಯನ್ನು ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ಆರ್ಫಿಯಸ್‌ಗೆ ಅಳವಡಿಸಿತು. ಈ ವ್ಯವಸ್ಥೆ ಇದ್ದ ಮಾರುತ್ ಮಾದರಿಯನ್ನು ಪರೀಕ್ಷಿಸುವಾಗ, 1970ರ ಜನವರಿ 10ರಂದು, ಬೆಂಗಳೂರಿನಲ್ಲಿ ವಿಮಾನ ಅಪ್ಪಳಿಸಿ ಗ್ರೂಪ್ ಕ್ಯಾಪ್ಟನ್ ದಾಸ್ ಮೃತಪಟ್ಟರು. ವಯಸ್ಸು ಐವತ್ತು ತುಂಬಲು ಆರು ವಾರ ಬಾಕಿ. ಅದೇ ವರ್ಷ ಮರಣೋತ್ತರವಾಗಿ ಪದ್ಮಭೂಷಣ ಪ್ರಶಸ್ತಿ ಸಂದಿತು. ಆ ವಯಸ್ಸಿಗೆ ಆ ಹುದ್ದೆಯ ಬಹುಪಾಲು ಅಧಿಕಾರಿಗಳು ಮೇಜಿನ ಕೆಲಸಕ್ಕೆ ಸರಿದಿರುತ್ತಾರೆ. ಅವರು ಸರಿದಿರಲಿಲ್ಲ. ಹತ್ತು ವರ್ಷ ಒಂದೇ ವಿಮಾನದ ಹಿಂದೆ ಬಿದ್ದು, ಅದರ ಕೊರತೆ ಏನೆಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವರಾಗಿ, ಆ ಕೊರತೆ ತುಂಬುವ ಹಾರಾಟವನ್ನು ಬೇರೆಯವರಿಗೆ ಬಿಡಲಿಲ್ಲ ಎಂಬುದೇ ಈ ಜೀವನದಲ್ಲಿ ಎದ್ದು ಕಾಣುವ ಸಂಗತಿ.

ವಾಯುಪಡೆಯ ಪರೀಕ್ಷಾ ಪೈಲಟ್‌ಗಳ ಶಾಲೆ 1973ರಲ್ಲಿ ಬೆಂಗಳೂರಿನಲ್ಲೇ ಆರಂಭವಾಯಿತು. ಅಲ್ಲಿ ಸರ್ವಾಂಗೀಣ ಸಾಧನೆ ತೋರಿದ ವಿದ್ಯಾರ್ಥಿ ಪೈಲಟ್‌ಗೆ ಕೊಡುವ ಪಾರಿತೋಷಕಕ್ಕೆ ಸುರಂಜನ್ ದಾಸ್ ಹೆಸರಿದೆ.

ಪ್ರತಾಪ್ ಚಂದ್ರ ಲಾಲ್

ದಾಸ್ ಕಾಕ್‌ಪಿಟ್ ಬಿಡದ ಕಂಪನಿ ಪೈಲಟ್ ಆದರೆ, ಪಿ.ಸಿ. ಲಾಲ್ ಕಾಕ್‌ಪಿಟ್‌ನಿಂದ ಆಡಳಿತದ ಕುರ್ಚಿಗೆ ಬಂದವರು. ಯುದ್ಧ ಪೈಲಟ್ ಒಬ್ಬ ಕಂಪನಿ ನಡೆಸುವವನಾದ ದಾರಿ ಭಾರತದಲ್ಲಿ ಇಷ್ಟು ಉದ್ದಕ್ಕೆ, ಇಷ್ಟು ಏರಿಳಿತಗಳೊಂದಿಗೆ ಸಾಗಿದ ಇನ್ನೊಂದು ಉದಾಹರಣೆ ಸಿಗುವುದು ಕಷ್ಟ.

1916ರಲ್ಲಿ ಪಂಜಾಬಿನಲ್ಲಿ ಹುಟ್ಟಿದ ಲಾಲ್ ಹದಿಹರೆಯದಲ್ಲೇ ದೆಹಲಿ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಹಾರಲು ಕಲಿತರು. ಲಂಡನ್ನಿನಲ್ಲಿ ಪತ್ರಿಕೋದ್ಯಮ ಓದಿದರು. ಯುದ್ಧ ಶುರುವಾದಾಗ 1939ರಲ್ಲಿ ವಾಯುಪಡೆಯ ಸ್ವಯಂಸೇವಕ ಮೀಸಲು ದಳ ಸೇರಿದರು. ಆರಂಭದಲ್ಲಿ ಅವರನ್ನು ದಿಕ್ಕು ಗುರುತಿಸುವ ವಿದ್ಯೆ ಕಲಿಸುವ ಶಿಕ್ಷಕರನ್ನಾಗಿ ಕೂರಿಸಲಾಗಿತ್ತು. ರಂಗಕ್ಕೆ ಹೋಗಬೇಕೆಂಬ ಹಟ ಬಿಡದೆ ಕೊನೆಗೆ 7ನೇ ಸ್ಕ್ವಾಡ್ರನ್ ಸೇರಿ 1944ರಲ್ಲಿ ಅದರ ನಾಯಕರಾದರು. ವೆಂಜೆನ್ಸ್ ವಿಮಾನಗಳಲ್ಲಿ ಕಾದಾಡಿದ ಆ ಸ್ಕ್ವಾಡ್ರನ್ ಅವರ ಕೈಯಲ್ಲಿ ಹರಿಕೇನ್ ಫೈಟರ್‌ಗಳಿಗೆ ಬದಲಾಯಿತು. ಬರ್ಮಾದಲ್ಲಿ ಮುನ್ನುಗ್ಗುತ್ತಿದ್ದ ಸೇನೆಗೆ ಕಣ್ಣಾಗಿ, ನೆಲಮಟ್ಟದಲ್ಲಿ ಹಾರಿ ಶತ್ರುವಿನ ನೆಲೆ ಹುಡುಕಿ ಹೊಡೆಯುವ ಕೆಲಸ. 1945ರಲ್ಲಿ ಲಾಲ್ ಅವರಿಗೆ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಸಿಕ್ಕಿತು.

ಎಂಟು ಖಾಸಗಿ ಸಂಸ್ಥೆಗಳನ್ನು ಸೇರಿಸಿ 1953ರಲ್ಲಿ ಸರ್ಕಾರ ಕಟ್ಟಿದ ಇಂಡಿಯನ್ ಏರ್‌ಲೈನ್ಸ್ ಕಾರ್ಪೊರೇಷನ್ನಿಗೆ 1957ರಲ್ಲಿ ಲಾಲ್ ಜನರಲ್ ಮ್ಯಾನೇಜರ್ ಆಗಿ ಎರವಲು ಸೇವೆಯ ಮೇಲೆ ಬಂದರು. ಹಳೆಯ ಡಕೋಟಗಳ ಜಾಗಕ್ಕೆ ವೈಕೌಂಟ್, ಫಾಕರ್ ಫ್ರೆಂಡ್‌ಶಿಪ್ ವಿಮಾನಗಳು ಬಂದ ಕಾಲ ಅದು. ಅದೇ ಹೊತ್ತಿಗೆ ಬ್ರಿಟಿಷ್ ಆವ್ರೊ 748 ವಿಮಾನವನ್ನು ಕಾನ್ಪುರದಲ್ಲಿ ತಯಾರಿಸುವ ಯೋಜನೆ ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಅವರ ಮೆಚ್ಚಿನದಾಗಿತ್ತು. ಪ್ರಯಾಣಿಕ ಸಂಸ್ಥೆಗೆ ಅದು ಹೊಂದುತ್ತದೆಯೇ ಎಂಬ ವಿಷಯದಲ್ಲಿ ಲಾಲ್ ಸಚಿವರ ಜೊತೆ ಒಮ್ಮತಕ್ಕೆ ಬರಲಿಲ್ಲ. 1962ರಲ್ಲಿ ಅವರನ್ನು ವಾಯುಪಡೆಯ ಸೇವೆಯಿಂದಲೇ ತೆಗೆದುಹಾಕಲಾಯಿತು. ಚೀನಾ ಯುದ್ಧದ ಸೋಲಿನ ನಂತರ ಮೆನನ್ ಸ್ಥಾನ ಬಿಟ್ಟ ಮೇಲೆ ಲಾಲ್ ಮರಳಿ ಸಮವಸ್ತ್ರ ತೊಟ್ಟರು. ಕಂಪನಿಯ ಹಿತಕ್ಕಾಗಿ ಆಡಿದ ಮಾತಿಗೆ ಸೈನಿಕ ವೃತ್ತಿಯನ್ನೇ ಪಣವಾಗಿ ಇಡಬೇಕಾಯಿತು ಎಂಬುದು ಈ ಪ್ರಸಂಗದ ತೂಕ.

1965ರ ಪಾಕಿಸ್ತಾನ ಯುದ್ಧದಲ್ಲಿ ಲಾಲ್ ವಾಯುಪಡೆಯ ಉಪ ಮುಖ್ಯಸ್ಥರು. ಆ ಯುದ್ಧದಲ್ಲಿ ಸೇಬರ್ ವಿಮಾನಗಳನ್ನು ಉರುಳಿಸಿ ಹೆಸರಾದ ಪುಟ್ಟ ನ್ಯಾಟ್ ಫೈಟರ್ ತಯಾರಾಗುತ್ತಿದ್ದದ್ದು ಬೆಂಗಳೂರಿನಲ್ಲಿ. ಮರುವರ್ಷ, 1966ರಲ್ಲಿ, ಲಾಲ್ ಅದೇ ಕಾರ್ಖಾನೆಯ ಮ್ಯಾನೇಜಿಂಗ್ ಡೈರೆಕ್ಟರ್ ಆಗಿ ಬಂದರು. ವಿಮಾನ ಬಳಸಿದವರೇ ವಿಮಾನ ಮಾಡುವ ಜಾಗಕ್ಕೆ ಯಜಮಾನರಾದದ್ದು ಸಣ್ಣ ವಿಷಯವಲ್ಲ. ಆಗ ಎಚ್ಎಎಲ್ ಹೊಸದಾಗಿ ಒಂದಾದ ಸಂಸ್ಥೆ. ಬೆಂಗಳೂರಲ್ಲದೆ ಕಾನ್ಪುರ, ನಾಸಿಕ್, ಕೋರಾಪುಟ್, ಹೈದರಾಬಾದ್‌ಗಳಿಗೆ ಹರಡಿತ್ತು. ಮಿಗ್-21ರ ತಯಾರಿಕೆ ಕೈಗೆತ್ತಿಕೊಂಡಿತ್ತು. ಬೆಂಗಳೂರಿನಲ್ಲಿ ನ್ಯಾಟ್, ಕಿರಣ್, ಮಾರುತ್ ಒಟ್ಟೊಟ್ಟಿಗೆ ಸಾಗಿದ್ದವು. ಲಾಲ್ ಇಲ್ಲಿದ್ದಾಗಲೇ, 1967ರಲ್ಲಿ, ವಾಯುಪಡೆಯ 10ನೇ ಸ್ಕ್ವಾಡ್ರನ್‌ಗೆ ಮಾರುತ್ ಸೇರ್ಪಡೆಯಾಯಿತು. ಮುಖ್ಯ ಪರೀಕ್ಷಾ ಪೈಲಟ್ ಆಗಿ ದಾಸ್, ಕಂಪನಿಯ ಮುಖ್ಯಸ್ಥರಾಗಿ ಲಾಲ್: ಒಂದೇ ಆವರಣದಲ್ಲಿ ಈ ಇಬ್ಬರೂ ಇದ್ದ ಆ ಮೂರು ವರ್ಷಗಳು ಎಚ್ಎಎಲ್‌ನ ಚರಿತ್ರೆಯಲ್ಲಿ ಹೆಚ್ಚಿನ ಅಧ್ಯಯನ ಬೇಡುತ್ತವೆ.

1969ರ ಜುಲೈ 16ರಂದು ಲಾಲ್ ವಾಯುಪಡೆಯ ಮುಖ್ಯಸ್ಥರಾದರು. 1971ರ ಯುದ್ಧದಲ್ಲಿ ಅವರು ರಂಗಕ್ಕಿಳಿಸಿದ ವಿಮಾನಗಳಲ್ಲಿ ತಾವೇ ಮೂರು ವರ್ಷ ನಡೆಸಿದ ಕಾರ್ಖಾನೆಯ ನ್ಯಾಟ್‌ಗಳೂ ಮಾರುತ್‌ಗಳೂ ಇದ್ದವು. ಪೂರ್ವದಲ್ಲಿ ಬೊಯ್ರಾ ಕಾಳಗದಲ್ಲಿ ನ್ಯಾಟ್‌ಗಳು ಸೇಬರ್‌ಗಳನ್ನು ಹೊಡೆದುರುಳಿಸಿದವು. ರಾಜಸ್ಥಾನದ ಮರುಭೂಮಿಯ ಮೇಲೆ ಮಾರುತ್‌ಗಳು ಕೆಳಮಟ್ಟದಲ್ಲಿ ಹಾರಿ ದಾಳಿ ಮಾಡಿದವು. ವಾಯುಕಾಳಗದಲ್ಲಿ ಒಂದೂ ಮಾರುತ್ ಬೀಳಲಿಲ್ಲ. ನೆಲದ ಗುಂಡಿಗೆ ಒಂದು ಎಂಜಿನ್ ಹೋದ ಮೇಲೂ ಇನ್ನೊಂದರ ಬಲದಲ್ಲಿ ನೆಲೆಗೆ ಮರಳಿದ ನಿದರ್ಶನಗಳಿವೆ. ಬಲ ಸಾಲದೆಂದು ಹೀಗಳೆಯಲ್ಪಟ್ಟ ವಿಮಾನಕ್ಕೆ ಇದು ಸಣ್ಣ ಗೌರವವಲ್ಲ. ಒಟ್ಟು 147 ಮಾರುತ್‌ಗಳು ತಯಾರಾದವು. ಅವುಗಳಲ್ಲಿ ಒಂದನ್ನು ಹಳೆ ಏರ್‌ಪೋರ್ಟ್ ರಸ್ತೆಯ ಎಚ್ಎಎಲ್ ವಸ್ತುಸಂಗ್ರಹಾಲಯದಲ್ಲಿ ಮುಟ್ಟುವಷ್ಟು ಹತ್ತಿರದಿಂದ ನೋಡಬಹುದು.

1973ರಲ್ಲಿ ನಿವೃತ್ತರಾದ ಲಾಲ್ ಮತ್ತೆ ಇಂಡಿಯನ್ ಏರ್‌ಲೈನ್ಸ್‌ಗೆ ಅಧ್ಯಕ್ಷರಾಗಿ ಹೋದರು. ನೌಕರರ ಜೊತೆಗಿನ ತೀವ್ರ ಜಗ್ಗಾಟ, ವರ್ಷದ ಕೊನೆಯಲ್ಲಿ ಲಾಕ್‌ಔಟ್ ಅವರ ಅಧಿಕಾರಾವಧಿಯನ್ನು ಕಠಿಣಗೊಳಿಸಿದವು. ಸ್ಕ್ವಾಡ್ರನ್ ನಡೆಸಿದ ಅನುಭವ ಕಾರ್ಮಿಕ ಸಂಘಗಳ ಜೊತೆಗಿನ ಮಾತುಕತೆಗೆ ನೇರವಾಗಿ ಒದಗುವುದಿಲ್ಲ. ಯುದ್ಧದಿಂದ ಆಡಳಿತಕ್ಕೆ ಬಂದವರ ಬಗ್ಗೆ ಬರೆಯುವಾಗ ಈ ಮಿತಿಯನ್ನೂ ದಾಖಲಿಸಬೇಕು.

ಅವರ ಕಂಪನಿ ಜೀವನದ ಅತ್ಯಂತ ಇಕ್ಕಟ್ಟಿನ ಘಟ್ಟ 1978ರದು. ಪ್ರಧಾನಿ ಮೊರಾರ್ಜಿ ದೇಸಾಯಿ ಸರ್ಕಾರ ಜೆ.ಆರ್.ಡಿ. ಟಾಟಾ ಅವರನ್ನು ಏರ್ ಇಂಡಿಯಾ ಅಧ್ಯಕ್ಷ ಸ್ಥಾನದಿಂದ ಇಳಿಸಿ ಲಾಲ್ ಅವರನ್ನು ನೇಮಿಸಿತು. ಲಾಲ್ ಆಗ ಟಾಟಾ ಬಳಗದಲ್ಲೇ ಕೆಲಸದಲ್ಲಿದ್ದರು. ತಾನು ಕಟ್ಟಿ ಬೆಳೆಸಿದ ಸಂಸ್ಥೆಯಿಂದ ತನ್ನನ್ನು ಬಿಡಿಸಿದ ಸುದ್ದಿ ಜೆಆರ್‌ಡಿಗೆ ಮೊದಲು ತಲುಪಿದ್ದು ಸರ್ಕಾರದಿಂದಲ್ಲ, ಲಾಲ್ ಅವರಿಂದ. ಇಬ್ಬರೂ ಪೈಲಟ್‌ಗಳು, ಪರಸ್ಪರ ಬಲ್ಲವರು. ದೆಹಲಿಯ ಅವಸರದ ತೀರ್ಮಾನ ಇಬ್ಬರನ್ನೂ ಮುಜುಗರಕ್ಕೆ ತಳ್ಳಿತು. 1982ರಲ್ಲಿ ಲಾಲ್ ಲಂಡನ್ನಿನಲ್ಲಿ ತೀರಿಕೊಂಡರು. ಅವರು ಬರೆದಿಟ್ಟ ನೆನಪುಗಳನ್ನು ಪತ್ನಿ ಇಳಾ ಲಾಲ್ ಸಂಪಾದಿಸಿ 1986ರಲ್ಲಿ ಹೊರತಂದರು. 1965 ಮತ್ತು 1971ರ ಯುದ್ಧಗಳ ಬಗ್ಗೆ ಬರೆಯುವವರು ಇಂದಿಗೂ ಆ ಪುಸ್ತಕಕ್ಕೆ ಮರಳುತ್ತಾರೆ.

ಎರಡನೆಯ ವೃತ್ತಿ ಸಿಗದವರು, ಬಯಸದವರು

ಯುದ್ಧದ ನಂತರದ ಬಾಳಿನ ಬಗ್ಗೆ ಬರೆಯುವಾಗ ಆ ಬಾಳೇ ಸಿಗದವರನ್ನು ಬಿಡಲಾಗದು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಗೆ ಹೋದ ಮಿಸ್ಟೇರ್ ವಿಮಾನಗಳ ತಂಡದಲ್ಲಿದ್ದರು. ತಮ್ಮದಕ್ಕಿಂತ ಎಷ್ಟೋ ವೇಗದ ಎಫ್-104 ಸ್ಟಾರ್‌ಫೈಟರ್ ಜೊತೆ ಸೆಣಸಿ ಅದನ್ನು ಕೆಡವಿ ತಾವೂ ಮರಳಲಿಲ್ಲ. ಅವರ ಸಾಹಸ ಬೆಳಕಿಗೆ ಬಂದು ಮಹಾವೀರ ಚಕ್ರ ಸಿಕ್ಕಿದ್ದು 23 ವರ್ಷಗಳ ನಂತರ, 1988ರಲ್ಲಿ. ಅದೇ ಯುದ್ಧದ ಕೊನೆಯ ದಿನಗಳಲ್ಲಿ ಹಂಟರ್ ವಿಮಾನ ಕಳೆದುಕೊಂಡು ಸೆರೆಸಿಕ್ಕ ಕೆ.ಸಿ. ಕಾರ್ಯಪ್ಪ ಅವರು ಜನರಲ್ ಕಾರ್ಯಪ್ಪನವರ ಮಗ. ಬಿಡುಗಡೆಯಾಗಿ ಬಂದು ವಾಯುಪಡೆಯಲ್ಲೇ ಮುಂದುವರಿದು ಏರ್ ಮಾರ್ಷಲ್ ಆದರು.

ಕೆಲಸದ ಸ್ವರೂಪ

ಕಾರ್ಖಾನೆಯ ಪೈಲಟ್ ಮಾಡುವುದು ಎರಡು ಬಗೆಯ ಕೆಲಸ. ಹೊಸ ಮಾದರಿಯ ವಿಮಾನವನ್ನು ಮೊದಲ ಬಾರಿ ಹಾರಿಸಿ ಅದರ ಮಿತಿಗಳನ್ನು ಗುರುತಿಸುವುದು ಒಂದು. ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಇದು. ಇನ್ನೊಂದು ದಿನನಿತ್ಯದ್ದು: ಜೋಡಣೆ ಸಾಲಿನಿಂದ ಹೊರಬಿದ್ದ ಒಂದೊಂದು ವಿಮಾನವನ್ನೂ, ದೊಡ್ಡ ದುರಸ್ತಿ ಮುಗಿಸಿ ಬಂದ ಒಂದೊಂದನ್ನೂ ವಾಯುಪಡೆಗೆ ಒಪ್ಪಿಸುವ ಮುಂಚೆ ಹಾರಿಸಿ ನೋಡುವುದು.

ಈ ದಿನನಿತ್ಯದ ಕೆಲಸದ ಕ್ರಮ ಹೀಗೆ. ಮೊದಲು ನೆಲದ ಮೇಲೆ ಎಂಜಿನ್ ಓಡಿಸಿ ನೋಡುತ್ತಾರೆ. ಬಳಿಕ ರನ್‌ವೇಯಲ್ಲಿ ನಿಧಾನವಾಗಿ, ಆಮೇಲೆ ಮೇಲೇಳುವುದಕ್ಕೆ ಸ್ವಲ್ಪ ಕಡಿಮೆ ವೇಗದವರೆಗೆ ಓಡಿಸಿ ಬ್ರೇಕ್, ಚಕ್ರ, ದಿಕ್ಕಿನ ಹಿಡಿತ ಪರೀಕ್ಷಿಸುತ್ತಾರೆ. ಅದು ಸರಿಯಾದರೆ ಹಾರಾಟ. ತೊಡೆಯ ಮೇಲೆ ಕಟ್ಟಿಕೊಂಡ ಕಾರ್ಡಿನಲ್ಲಿ ಯಾವ ಎತ್ತರಕ್ಕೆ ಯಾವ ವೇಗ, ಅಲ್ಲಿ ಏನು ನೋಡಬೇಕು ಎಂಬ ಪಟ್ಟಿ ಇರುತ್ತದೆ. ಚಕ್ರ ಮಡಿಸಲು ಎಷ್ಟು ಸೆಕೆಂಡ್, ಇಂಧನ ಒತ್ತಡ ಎಷ್ಟು, ಕೈ ಬಿಟ್ಟರೆ ವಿಮಾನ ಎಡಕ್ಕೋ ಬಲಕ್ಕೋ ವಾಲುತ್ತದೆಯೇ, ಎಲ್ಲವನ್ನೂ ಹಾರುತ್ತಲೇ ಬರೆದುಕೊಳ್ಳಬೇಕು. ಇಳಿದ ಮೇಲೆ ವಿನ್ಯಾಸಕಾರರು, ಗುಣಮಟ್ಟ ತಪಾಸಕರು, ಫಿಟ್ಟರ್‌ಗಳು ಮೇಜಿನ ಸುತ್ತ ಕೂರುತ್ತಾರೆ. ಪೈಲಟ್ ಹೇಳಿದ ದೋಷಗಳನ್ನು ಹ್ಯಾಂಗರಿನ ಮಾತಿನಲ್ಲಿ ಸ್ನ್ಯಾಗ್ ಎನ್ನುತ್ತಾರೆ. ಸ್ನ್ಯಾಗ್ ಬಗೆಹರಿದು ಪೈಲಟ್ ಮತ್ತೆ ಹಾರಿ ಸಹಿ ಹಾಕುವವರೆಗೆ ವಿಮಾನ ಗೇಟು ದಾಟುವುದಿಲ್ಲ. ಪೀಣ್ಯದ ಶೆಡ್ಡಿನಲ್ಲಿ ಲೇತಿನ ಮುಂದೆ ಆರಂಭವಾದ ಕೆಲಸ ಮುಗಿಯುವುದು ಆ ಸಹಿಯಲ್ಲಿ.

ತಿಂಗಳ ಗುರಿ ಮುಟ್ಟುವ ಒತ್ತಡ ಎಲ್ಲ ಕಾರ್ಖಾನೆಗಳಲ್ಲೂ ಇರುವಂಥದ್ದು. ಆ ಒತ್ತಡದ ನಡುವೆ ಸಹಿ ತಡೆಹಿಡಿಯಬಲ್ಲವನೇ ಒಳ್ಳೆಯ ಕಂಪನಿ ಪೈಲಟ್. ಯುದ್ಧದಲ್ಲಿ ವಿಮಾನವನ್ನು ನಂಬಿ ಹೋದವನಿಗೆ, ಮುಂದೆ ನಂಬಿ ಹೋಗುವ ಇನ್ನೊಬ್ಬ ಹುಡುಗನ ಪ್ರಾಣ ಈ ಕಾಗದದಲ್ಲಿದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಈ ಕೆಲಸಕ್ಕೆ ಕಾಳಗ ಕಂಡವರನ್ನು ಕರೆದದ್ದಕ್ಕೆ ಇದೇ ಮುಖ್ಯ ಕಾರಣವೆಂದು ತೋರುತ್ತದೆ.

ಇದರ ಅಪಾಯ ಕಡಿಮೆಯಾಗಿಲ್ಲ. 2009ರ ಮಾರ್ಚ್ 6ರಂದು ಕೆಂಗೇರಿಯಾಚೆ ಬಿಡದಿ ಬಳಿಯ ಶೇಷಗಿರಿಹಳ್ಳಿಯಲ್ಲಿ, ಪರೀಕ್ಷಾ ಹಾರಾಟದಲ್ಲಿದ್ದ ಸಾರಸ್ ಎಂಬ ವಿಮಾನದ ಎರಡನೆಯ ಮಾದರಿ ಬಿದ್ದು ವಿಂಗ್ ಕಮಾಂಡರ್‌ಗಳಾದ ಪ್ರವೀಣ್ ಕೋಟೇಕೊಪ್ಪ, ದೀಪೇಶ್ ಶಾ ಮತ್ತು ಸ್ಕ್ವಾಡ್ರನ್ ಲೀಡರ್ ಇಳಯರಾಜ ಮೃತಪಟ್ಟರು. ಮೂವರೂ ವಾಯುಪಡೆಯ ಪರೀಕ್ಷಾ ಸಂಸ್ಥೆಗೆ ಸೇರಿದವರು.

ನಾಗರಿಕ ಲೈಸೆನ್ಸಿನ ದಾರಿ

ಕಾರ್ಖಾನೆಯ ಬದಲು ವಿಮಾನಯಾನ ಸಂಸ್ಥೆಗೋ ಕಂಪನಿ ಜೆಟ್‌ಗೋ ಹೋಗಬಯಸುವ ಫೈಟರ್ ಪೈಲಟ್ ಮತ್ತೆ ವಿದ್ಯಾರ್ಥಿಯಾಗಬೇಕು. ಸಾವಿರಾರು ಗಂಟೆ ಹಾರಿದ್ದರೂ ನಾಗರಿಕ ವಿಮಾನಯಾನ ನಿರ್ದೇಶನಾಲಯ ನಡೆಸುವ ವಾಯುನಿಯಮ, ಹವಾಮಾನ, ಮಾರ್ಗನಿರ್ಣಯ ವಿಷಯಗಳ ಪರೀಕ್ಷೆ ಬರೆಯಬೇಕು. ರೇಡಿಯೊ ಬಳಕೆಗೆ ಬೇರೆ ಲೈಸೆನ್ಸ್, ವೈದ್ಯಕೀಯ ತಪಾಸಣೆ, ಹಾರಿಸಲಿರುವ ವಿಮಾನದ ಮಾದರಿಗೆ ಪ್ರತ್ಯೇಕ ತರಬೇತಿ ಬೇಕು. ಪತ್ರಗಳಿಗಿಂತ ಕಷ್ಟದ್ದು ಅಭ್ಯಾಸ ಬದಲಿಸುವುದು. ಒಂಟಿ ಸೀಟಿನಲ್ಲಿ ಎಲ್ಲ ತೀರ್ಮಾನ ತಾನೇ ಮಾಡಿದವನು ಪಕ್ಕದ ಪೈಲಟ್ ಜೊತೆ ಪಟ್ಟಿ ಓದಿ, ಉತ್ತರ ಕೇಳಿ, ಆಮೇಲೆ ಕೈ ಹಾಕಬೇಕು. ಅಪಾಯವಾದರೆ ಹೊರಕ್ಕೆ ಚಿಮ್ಮಿಸುವ ಸೀಟು ಇಲ್ಲಿಲ್ಲ, ಹಿಂದೆ ಪ್ರಯಾಣಿಕರಿದ್ದಾರೆ. ಕಂಪನಿ ವಿಮಾನದಲ್ಲಿ ಇನ್ನೊಂದು ತೊಡಕು ಇದೆ: ಹಿಂದಿನ ಸೀಟಿನಲ್ಲಿ ಕೂತವರು ಸಂಬಳ ಕೊಡುವ ಯಜಮಾನರು, ಅವರಿಗೆ ಸಭೆಯ ಅವಸರ. ಇಳಿಯುವ ಊರಿನಲ್ಲಿ ಮಂಜು ಕವಿದಿದ್ದರೆ ಹೋಗಲಾಗದೆಂದು ಅವರ ಮುಖಕ್ಕೇ ಹೇಳುವ ಗಟ್ಟಿತನ ಇಲ್ಲೂ ಬೇಕು.

ಕರ್ನಾಟಕದಲ್ಲಿ ಕಂಪನಿ ವಿಮಾನಯಾನಕ್ಕೆ ಹೊಸ ಚಲನೆ ಕೊಟ್ಟವರು ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್. ಅವರು ಪೈಲಟ್ ಅಲ್ಲ, 1971ರ ಯುದ್ಧದಲ್ಲಿ ಪಾಲ್ಗೊಂಡ ಸೇನಾಧಿಕಾರಿ. ಸೇನೆಯಲ್ಲಿ ಹೆಲಿಕಾಪ್ಟರ್ ಹಾರಿಸಿದ್ದ ಕ್ಯಾಪ್ಟನ್ ಕೆ.ಜೆ. ಸ್ಯಾಮ್ಯುಯಲ್ ಜೊತೆಗೂಡಿ 1990ರ ದಶಕದಲ್ಲಿ ಬೆಂಗಳೂರಿನಿಂದ ಡೆಕ್ಕನ್ ಏವಿಯೇಷನ್ ಹೆಲಿಕಾಪ್ಟರ್ ಸೇವೆ ಆರಂಭಿಸಿದರು. 2003ರಲ್ಲಿ ಅದರಿಂದಲೇ ಏರ್ ಡೆಕ್ಕನ್ ಹುಟ್ಟಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆದು ನಿಗದಿತ ಪ್ರಯಾಣಿಕ ಹಾರಾಟಗಳೆಲ್ಲ ಅಲ್ಲಿಗೆ ಹೋದ ಮೇಲೆ ಎಚ್ಎಎಲ್ ನಿಲ್ದಾಣ ರಕ್ಷಣಾ ಹಾರಾಟಗಳ ಜೊತೆಗೆ ಖಾಸಗಿ, ಕಂಪನಿ ವಿಮಾನಗಳಿಗೂ ನೆಲೆಯಾಯಿತು.

ಇತ್ತೀಚಿನ ಪೈಲಟ್‌ಗಳು

ವಾಯುಪಡೆಯಿಂದ ಬಂದು ಎಚ್ಎಎಲ್ ಪೈಲಟ್ ಆಗುವ ಪದ್ಧತಿ ಇಂದಿಗೂ ನಡೆದಿದೆ. 2003ರ ಮಾರ್ಚ್ 7ರಂದು ಮಧ್ಯಮ ಹಂತದ ಜೆಟ್ ತರಬೇತಿ ವಿಮಾನವನ್ನು ಮೊದಲು ಹಾರಿಸಿದವರು ಸ್ಕ್ವಾಡ್ರನ್ ಲೀಡರ್ ಬಲದೇವ್ ಸಿಂಗ್. 2014ರಲ್ಲಿ ಸರಣಿ ಉತ್ಪಾದನೆಯ ಮೊದಲ ತೇಜಸ್ ಹಾರಿಸಿದವರು ಕಂಪನಿಯ ಹಾರಾಟ ವಿಭಾಗದ ಮುಖ್ಯಸ್ಥ, ನಿವೃತ್ತ ಏರ್ ಕಮಡೋರ್ ಕೆ.ಎ. ಮುತ್ತಣ್ಣ. 2016ರ ಮೇ 31ರಂದು ಎಚ್‌ಟಿಟಿ-40 ತರಬೇತಿ ವಿಮಾನದ ಮೊದಲ ಹಾರಾಟ ನಡೆಸಿದವರು ಗ್ರೂಪ್ ಕ್ಯಾಪ್ಟನ್‌ಗಳಾದ ಸಿ. ಸುಬ್ರಮಣ್ಯಂ ಮತ್ತು ಕೆ.ಕೆ. ವೇಣುಗೋಪಾಲ್. 1951ರಲ್ಲಿ ಮುನ್ಷಿ ಎಚ್‌ಟಿ-2 ಹಾರಿಸಿದ ಅದೇ ರನ್‌ವೇ ಅದು. 2024ರ ಮಾರ್ಚ್ 28ರಂದು ತೇಜಸ್ ಮಾರ್ಕ್-1ಎ ಸರಣಿಯ ಮೊದಲ ವಿಮಾನ, ಎಲ್‌ಎ 5033, ಎಚ್ಎಎಲ್ ನಿಲ್ದಾಣದಿಂದ ಮೇಲೇರಿ 18 ನಿಮಿಷ ಹಾರಿತು. ಹಾರಿಸಿದವರು ಕಂಪನಿಯ ಮುಖ್ಯ ಪರೀಕ್ಷಾ ಪೈಲಟ್ ಆಗಿದ್ದ ಅದೇ ವೇಣುಗೋಪಾಲ್.